ಕೆಲಸ ಹೋಯಿತು, ಊರಲ್ಲಿ ಇನ್ನೂ ಹೇಳಿಲ್ಲ. ತೋಟಕ್ಕೆ ವಾಪಸ್ ಹೋಗಲಾ?

ತೆಂಗಿನಗರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಬರೆಯುತ್ತಿರುವುದು ಇದೇ ಮೊದಲು.

ಹೋದ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ಹದಿನೈದು ನಿಮಿಷದ ಕಾಲ್ ಇಟ್ಟರು. ಸೇರಿಕೊಂಡರೆ ಅಲ್ಲಿ ಎಚ್‌ಆರ್ ಕೂಡ ಕೂತಿದ್ದರು. ಅವರ ಮುಖ ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಹನ್ನೊಂದು ವರ್ಷ ಅದೇ ಕಂಪನಿ, ಅದೇ ಮ್ಯಾನುವಲ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರನ್ನು ಕೈಯಾರೆ ಪರೀಕ್ಷಿಸುವ ಕೆಲಸ. ಮಾತು ಒಂಬತ್ತು ನಿಮಿಷಕ್ಕೆ ಮುಗಿಯಿತು. ನಾನೇ ರಾಜೀನಾಮೆ ಹಾಕಿದರೆ ಮೂರು ತಿಂಗಳ ಸಂಬಳ ಮತ್ತು ರಿಲೀವಿಂಗ್ ಲೆಟರ್ ಕೊಡುತ್ತಾರಂತೆ. ಹಾಕದಿದ್ದರೆ ಅವರೇ ತೆಗೆಯುತ್ತಾರಂತೆ. ತಿಂಗಳ ಕೊನೆಯೊಳಗೆ ಸಹಿ ಹಾಕಿ ಕಳಿಸಬೇಕು.

ಶನಿವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲು ಕೊರಿಯರ್ ಹುಡುಗ ಬಂದ. ಅದರ ಮುಚ್ಚಳದ ಮೇಲೆ ನನ್ನ ಮಗಳು ಯಾವಾಗಲೋ ಒಂದು ಚಿಟ್ಟೆ ಸ್ಟಿಕ್ಕರ್ ಅಂಟಿಸಿದ್ದಳು. ಕೊಬ್ಬರಿ ಎಣ್ಣೆ ಸವರಿ ಉಗುರಲ್ಲಿ ಕೆರೆದು ತೆಗೆಯುತ್ತಾ ಕೂತೆ. ಹುಡುಗ ಬಾಗಿಲಲ್ಲೇ ನಿಂತು, 'ಪರವಾಗಿಲ್ಲ ಸರ್, ನಿಧಾನಕ್ಕೆ ತೆಗೀರಿ' ಅಂದ. ಆಗ ಕಣ್ಣಲ್ಲಿ ನೀರು ಬಂತು. ಕಾಲ್‌ನಲ್ಲಿ ಬಂದಿರಲಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ವಯಸ್ಸು 38. ಕೈಗೆ ಬರುತ್ತಿದ್ದ ಸಂಬಳ 96,000. ಬೇಸಿಕ್ 45,000. ಮನೆ ಸಾಲದ ಇಎಂಐ 42,000. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 22,000 ಬರುತ್ತದೆ. ಬ್ಯಾಂಕಲ್ಲಿ 3,80,000 ಇದೆ. ಹೆಂಡತಿಗೆ ಎಲ್ಲಾ ಗೊತ್ತು. ಅಪ್ಪ ಅಮ್ಮನಿಗೆ ಹೇಳಿಲ್ಲ. ತಿಪಟೂರಿನ ಹತ್ತಿರ ಎರಡು ಎಕರೆ ತೆಂಗಿನ ತೋಟ ಇದೆ. ಮನೆ ಬಾಡಿಗೆಗೆ ಕೊಟ್ಟು, ಪಿಎಫ್ ಎಲ್ಲಾ ತೆಗೆದು ಸಾಲಕ್ಕೆ ಕಟ್ಟಿ, ಊರಿಗೆ ಹೋಗಿಬಿಡೋಣ ಅನ್ನಿಸುತ್ತಿದೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಕೆಂಗೇರಿ ಕಾಫಿ

ನನಗೆ ಎರಡು ಸಲ ಆಗಿದೆ ಅಣ್ಣ. 2009ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ. ಮೊದಲನೇ ಸಲ ಮದುವೆ ಆಗಿರಲಿಲ್ಲ, ಪಿಜಿಯಲ್ಲಿದ್ದೆ, ಮೂರು ತಿಂಗಳು ಕ್ರಿಕೆಟ್ ನೋಡಿದೆ. ಎರಡನೇ ಸಲ ನಿಮ್ಮ ಹಾಗೇ ರಾತ್ರಿ ಎರಡಕ್ಕೆ ಎದ್ದು ಫ್ಯಾನ್ ನೋಡುತ್ತಿದ್ದೆ.

ಆ ರಾತ್ರಿ ಎರಡರ ಹೊತ್ತಿನ ತಲೆ ನಮ್ಮದಲ್ಲ. ಮನೆ ಮಾರೋಣ, ಊರಿಗೆ ಹೋಗೋಣ ಅಂತೆಲ್ಲಾ ಹೊಳೆಯುವುದು ಆಗಲೇ. ಒಂದು ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ನಿದ್ದೆ ಇಲ್ಲದ್ದು ಹದಿನೈದು ದಿನ ದಾಟಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮಾಡಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಎಚ್‌ಆರ್ ಅಕ್ಕ

ಹದಿನಾರು ವರ್ಷ ಮೇಜಿನ ಆ ಕಡೆ ಕೂತವಳು ನಾನು. ಇಂಥ ಕಾಲ್‌ಗಳನ್ನು ನಾನೂ ಮಾಡಿದ್ದೇನೆ. ಬೈಯುವವರು ಬೈಯಬಹುದು, ಆದರೆ ಮೊದಲು ಇದನ್ನು ಓದಿ.

ಇನ್ನೂ ಸಹಿ ಹಾಕಿಲ್ಲ ತಾನೇ? ಒಳ್ಳೆಯದಾಯಿತು. 'ನಾನೇ ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ' ಅಂತ ನೀವು ಬರೆದುಕೊಟ್ಟರೆ ಕಂಪನಿ ನಿಮ್ಮನ್ನು ತೆಗೆದ ಹಾಗೆ ಆಗುವುದಿಲ್ಲ. ತೆಗೆದರೆ ಕಾನೂನಲ್ಲಿ ಬೇರೆ ಲೆಕ್ಕ ಇದೆ. ಒಂದು ವರ್ಷ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನಿಮ್ಮದು ಹನ್ನೊಂದು ವರ್ಷ. ಅಂದರೆ 165 ದಿನ, ಐದೂವರೆ ತಿಂಗಳು. ಅವರು ಕೊಡುತ್ತೇವೆ ಅಂದಿದ್ದು ಮೂರು. ಟೆಸ್ಟರ್ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕನೇ ಅಲ್ಲ ಅಂತ ಕಂಪನಿ ವಾದ ಮಾಡುತ್ತದೆ. ಕೈಕೆಳಗೆ ಜನ ಇಲ್ಲದೆ ಬರೀ ತಾಂತ್ರಿಕ ಕೆಲಸ ಮಾಡಿದವನಿಗೆ ಎದುರು ವಾದವೂ ಗಟ್ಟಿಯಾಗೇ ಇದೆ. ಕೋರ್ಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಈ ಲೆಕ್ಕ ನಿಮಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಾಗಲಿ, ಅಷ್ಟೇ. ಮೇಲ್‌ನಲ್ಲೇ ಕೇಳಿ. ಫೋನ್‌ನಲ್ಲಿ ಬೇಡ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಕ್ಕೆ ತಕ್ಕಂತೆ ಬರುವ ಇಡುಗಂಟು, ಇದಕ್ಕೆ ಸೇರಿದ್ದಲ್ಲ. ಅದು ನಿಮ್ಮ ಹಕ್ಕಿನ ದುಡ್ಡು, ಸಹಿ ಹಾಕಿದರೂ ಬರಬೇಕು, ಹಾಕದಿದ್ದರೂ ಬರಬೇಕು. ಬೇಸಿಕ್ 45,000 ಅಂದಿರಿ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 11ರಿಂದ ಗುಣಿಸಿ. 2,85,000ದ ಮೇಲೆ ಬರುತ್ತದೆ. 'ಪ್ಯಾಕೇಜ್‌ನಲ್ಲೇ ಸೇರಿದೆ' ಅಂದರೆ ಒಪ್ಪಬೇಡಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೆಲಸದಿಂದ ತೆಗೆದರೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ಕಂಪನಿಗಳು ಇನ್ನೂ ಹಳೇ ಅಭ್ಯಾಸದಲ್ಲಿ '45 ದಿನ' ಅನ್ನುತ್ತಿರುತ್ತವೆ.

ಸಂಜೆ ಶಿಫ್ಟು

ಅಕ್ಕ, ಇಷ್ಟೆಲ್ಲಾ ಗೊತ್ತಿದ್ದೂ ನೀವು ಆ ಕಡೆ ಕೂತು 'ರಾಜೀನಾಮೆ ಹಾಕಿ' ಅಂತ ಎಷ್ಟು ಜನಕ್ಕೆ ಹೇಳಿದ್ದೀರಿ?

ಎಚ್‌ಆರ್ ಅಕ್ಕ

ಲೆಕ್ಕ ಇಟ್ಟಿಲ್ಲಪ್ಪ. ಇಡುವ ಧೈರ್ಯ ಇರಲಿಲ್ಲ. ಕೊನೆಗೆ ಆ ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ಈಗ ಎರಡು ಸಣ್ಣ ಕಂಪನಿಗಳಿಗೆ ಪೇರೋಲ್ ಮಾಡಿಕೊಡುತ್ತೇನೆ.

ಸಂಜೆ ಶಿಫ್ಟು

ಸರಿ ಬಿಡಿ, ಕೇಳಬಾರದಿತ್ತು. ತೆಂಗಿನಗರಿ ಅಣ್ಣ, ಯೂನಿಯನ್‌ನವರನ್ನೂ ಒಂದು ಮಾತು ಕೇಳಿ. ಕೆಐಟಿಯು ಅಂತ, ಐಟಿ ನೌಕರರದ್ದೇ ಸಂಘ, 2017ರಿಂದ ಇದೆ. ಬಲವಂತದ ರಾಜೀನಾಮೆ ವಿಷಯದಲ್ಲಿ ಕಾರ್ಮಿಕ ಇಲಾಖೆಗೆ ದೂರು ಬರೆಯುವುದು ಅವರಿಗೆ ಅಭ್ಯಾಸ. ಸದಸ್ಯರಾಗದೆಯೂ ಮಾತಾಡಬಹುದು. ಐಟಿಯವರಿಗೆ ಯೂನಿಯನ್ ಯಾಕೆ ಅಂತ ನಾನೂ ನಗುತ್ತಿದ್ದೆ. ನನ್ನ ಸರದಿ ಬಂದಾಗ ಮೊದಲು ಫೋನ್ ಮಾಡಿದ್ದು ಅವರಿಗೇ.

ಬ್ಯಾಂಕ್ ಮಾವ

ನಿವೃತ್ತ ಬ್ಯಾಂಕ್ ನೌಕರ. ಸಾಲದ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದೆ. ಮಗು, ಹಾಳೆ ಪೆನ್ನು ತೆಗೆದುಕೊ.

ಮೂರು ತಿಂಗಳ ಸಂಬಳ 2,88,000 ಅಂತಿಟ್ಟುಕೊ. ಗ್ರಾಚ್ಯುಟಿ 2,85,000. ಕೈಲಿರುವುದು 3,80,000. ಒಟ್ಟು ಒಂಬತ್ತೂವರೆ ಲಕ್ಷ ಆಯಿತು. ಇದರಲ್ಲಿ ತೆರಿಗೆ, ಸ್ಕೂಲ್ ಫೀಸು, ಇನ್ಶೂರೆನ್ಸ್ ಅಂತ ಒಂದೂವರೆ ಲಕ್ಷ ಪಕ್ಕಕ್ಕೆ ಇಡು. ಎಂಟು ಲಕ್ಷ ಉಳಿಯಿತು. ಇಎಂಐ 42,000, ಮನೆ ಖರ್ಚು 38,000 ಅಂದರೆ ತಿಂಗಳಿಗೆ 80,000. ಸೊಸೆಯ ಸಂಬಳ 22,000 ಕಳೆದರೆ ಕೊರತೆ 58,000. ಎಂಟು ಲಕ್ಷವನ್ನು ಅದರಿಂದ ಭಾಗಿಸು. ಹದಿಮೂರು ತಿಂಗಳ ಮೇಲೆ ಬರುತ್ತದೆ. ಪಿಎಫ್ ಮುಟ್ಟದೆ, ಒಡವೆ ಮುಟ್ಟದೆ, ತೋಟ ಮುಟ್ಟದೆ ಹದಿಮೂರು ತಿಂಗಳು. ರಾತ್ರಿ ಎರಡಕ್ಕೆ ಎಚ್ಚರವಾದರೆ ಈ ಹಾಳೆ ನೋಡು.

ಪಿಎಫ್ ತೆಗೆದು ಸಾಲಕ್ಕೆ ಕಟ್ಟುವ ಯೋಚನೆ ಬಿಡು. ಪಿಎಫ್‌ಗೆ 8.25 ಬಡ್ಡಿ ಬರುತ್ತಿದೆ. ನಿನ್ನ ಮನೆ ಸಾಲದ ಬಡ್ಡಿಯೂ ಅದರ ಆಸುಪಾಸಿನಲ್ಲೇ ಇರಬೇಕು. ಲಾಭ ಏನೂ ಇಲ್ಲ, ಕೈ ಮಾತ್ರ ಖಾಲಿಯಾಗುತ್ತದೆ. ಕೆಲಸ ಇಲ್ಲದ ಹೊತ್ತಲ್ಲಿ ಸಾಲ ಕಮ್ಮಿ ಇರುವುದಕ್ಕಿಂತ ಕೈಯಲ್ಲಿ ಕಾಸು ಇರುವುದು ಮುಖ್ಯ. ಸಾಲಕ್ಕೆ ಕಟ್ಟಿದ ದುಡ್ಡನ್ನು ಬ್ಯಾಂಕು ವಾಪಸ್ ಕೊಡುತ್ತದಾ?

ಒಂದು ವೇಳೆ ಇಎಂಐ ಕಟ್ಟಲು ಆಗಲ್ಲ ಅನ್ನುವ ಸ್ಥಿತಿ ಬಂದರೆ, ಬೌನ್ಸ್ ಆಗುವ ಮೊದಲೇ ಬ್ರಾಂಚಿಗೆ ಹೋಗು. ಬೌನ್ಸ್ ಆದ ಮೇಲೆ ಬಂದವನನ್ನು ನೋಡುವ ಕಣ್ಣೇ ಬೇರೆ. ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಕೇಳಬಹುದು. ಒಪ್ಪಲೇಬೇಕು ಅಂತ ಇಲ್ಲ. ಆದರೆ 90 ದಿನ ಬಾಕಿ ಬಿದ್ದು ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುವುದು ಬ್ಯಾಂಕಿಗೂ ಬೇಡ. ಕ್ರೆಡಿಟ್ ಕಾರ್ಡ್‌ನವರು ಫೋನ್ ಮಾಡಿ ಕೊಡುವ ಸಾಲ ಮಾತ್ರ ಬೇಡವೇ ಬೇಡ.

ಗಾಂಧಿಬಜಾರ್

ಪಿಎಫ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊದಲು ಎರಡು ತಿಂಗಳು ಕೆಲಸ ಇಲ್ಲದಿದ್ದರೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಓ ಮಂಡಳಿ ತೀರ್ಮಾನ ಬದಲಿಸಿತು. ಶೇ. 75 ಬೇಗ ತೆಗೆಯಬಹುದು, ಉಳಿದ 25 ತೆಗೆಯಲು ಹನ್ನೆರಡು ತಿಂಗಳು ಕಾಯಬೇಕು. ಹಾಗಾಗಿ 'ಎಲ್ಲಾ ತೆಗೆದುಬಿಡುತ್ತೇನೆ' ಅಂದರೂ ಆಗುವುದಿಲ್ಲ. ಐದು ವರ್ಷ ಆಗುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ನಿಮಗೆ ಹನ್ನೊಂದಾಗಿದೆ, ಆ ಚಿಂತೆ ಇಲ್ಲ.

ಕಲ್ಪತರು ನಾಡು

ತೆಂಗಿನ ತೋಟ ಅಂದಿರಲ್ಲ, ಈಗ ನನ್ನ ಸರದಿ. ತಿಪಟೂರು ತಾಲ್ಲೂಕಿನವನೇ. ಒಂಬತ್ತು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಬಂದೆ.

ಎರಡು ಎಕರೆಗೆ ನೂರು ಮರ ಇದೆ ಅನ್ನೋಣ. ಮರಕ್ಕೆ ವರ್ಷಕ್ಕೆ 60 ಕಾಯಿ. ನುಸಿ ಬಿದ್ದರೆ, ಕಪ್ಪು ತಲೆ ಹುಳ ಗರಿ ತಿಂದರೆ ಅದೂ ಇಲ್ಲ. ಒಟ್ಟು ಆರು ಸಾವಿರ ಕಾಯಿ. ಸಾವಿರ ಕಾಯಿಗೆ ಒಂದೂವರೆ ಕ್ವಿಂಟಾಲ್ ಕೊಬ್ಬರಿ ಸಿಕ್ಕರೆ ಚೆನ್ನಾಗಿಯೇ ಸಿಕ್ಕಿತು ಅನ್ನಿ. ಒಂಬತ್ತು ಕ್ವಿಂಟಾಲ್ ಆಯಿತು. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲ್‌ಗೆ ಎಂಟು ಸಾವಿರದ ಹತ್ತಿರ ಬಿದ್ದಿತ್ತು, ಬೀದಿಗೆ ಇಳಿದು ಕೂಗಿದೆವು. 2025ರಲ್ಲಿ ಮೂವತ್ತು ಸಾವಿರದ ಹತ್ತಿರ ಹೋಯಿತು, ಕೊಡಲು ಯಾರ ಅಟ್ಟದಲ್ಲೂ ಕಾಯಿ ಇರಲಿಲ್ಲ. ಅಂದರೆ ಅದೇ ನೂರು ಮರ, ಅದೇ ಮಣ್ಣು. ಒಂದು ವರ್ಷ 72,000, ಇನ್ನೊಂದು ವರ್ಷ 2,70,000ದ ಹತ್ತಿರ. ಇದರಲ್ಲಿ ಮರ ಹತ್ತುವವನ ಕೂಲಿ, ಸುಲಿಯುವ ಕೂಲಿ, ಗೊಬ್ಬರ ಕಳೆಯಬೇಕು. ನಿಮ್ಮ ಇಎಂಐ ವರ್ಷಕ್ಕೆ ಐದು ಲಕ್ಷ ಆಗುತ್ತದೆ. ಚಿನ್ನದಂಥ ವರ್ಷದಲ್ಲೂ ಅರ್ಧ ಕಟ್ಟಬಹುದು.

ಇನ್ನೊಂದು ವಿಷಯ. ಇವತ್ತು ಕಾಯಿ ಕಿತ್ತರೆ ಅಟ್ಟದ ಮೇಲೆ ಹತ್ತು ತಿಂಗಳು, ಕೆಲವು ಸಲ ಒಂದು ವರ್ಷ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಮೇಲೆ ದುಡ್ಡು. ತೋಟಕ್ಕೆ ತಿಂಗಳ ಸಂಬಳ ಗೊತ್ತಿಲ್ಲ.

ಬರಬೇಡಿ ಅಂತಲ್ಲ. ನಾನು ಬಂದೆ, ಬದುಕಿದ್ದೇನೆ. ಆದರೆ ಬಂದಾಗ ಸಾಲ ಇರಲಿಲ್ಲ, ಹಸು ಇತ್ತು, ಹೆಂಡತಿಗೆ ಇಲ್ಲೇ ಸರ್ಕಾರಿ ಕೆಲಸ ಇತ್ತು. 'ಕೆಲಸ ಬಿಟ್ಟು ಕೃಷಿಗೆ ಬಂದು ಲಕ್ಷ ಲಕ್ಷ' ಅನ್ನುವ ವಿಡಿಯೋಗಳಲ್ಲಿ ಈ ಹಸು ಮತ್ತು ಹೆಂಡತಿ ಕಾಣಿಸುವುದೇ ಇಲ್ಲ.

ಸಂಜೆ ಶಿಫ್ಟು

ಹಸು ಮತ್ತು ಹೆಂಡತಿಯನ್ನು ಒಂದೇ ಸಾಲಲ್ಲಿ ಹಾಕಿದ್ದೀರಲ್ಲ ಅಣ್ಣ, ಅತ್ತಿಗೆ ಇದನ್ನು ಓದಲ್ವಾ?

ಕಲ್ಪತರು ನಾಡು

ಓದಿದಳು. ಇವತ್ತು ಹಾಲು ಕರೆಯುವ ಕೆಲಸ ನನ್ನದಂತೆ.

ಹೊಲಿಗೆ ಯಂತ್ರ

ನೀವೆಲ್ಲಾ ಲಕ್ಷದ ಲೆಕ್ಕ ಹೇಳುತ್ತಿದ್ದೀರಿ. ಕೇಳಲೋ ಬೇಡವೋ ಅಂತ ಎರಡು ದಿನ ನೋಡಿದೆ. ನಾನು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಟೈಲರ್. ಸಂಬಳ 14,000. ಆರ್ಡರ್ ಇಲ್ಲ ಅಂತ ನಮ್ಮ ಲೈನ್‌ನ ನಲವತ್ತು ಜನರನ್ನು ಬರಬೇಡಿ ಅಂದಿದ್ದಾರೆ. ಕಾಗದ ಏನೂ ಕೊಟ್ಟಿಲ್ಲ, ಬಾಯಲ್ಲೇ ಹೇಳಿದ್ದು. ನಮಗೆ ಏನಾದರೂ ಬರುತ್ತದಾ? ಯುವನಿಧಿ ಸಿಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ.

ಎಚ್‌ಆರ್ ಅಕ್ಕ

ಕೇಳಿದ್ದು ಒಳ್ಳೆಯದಾಯಿತು ತಂಗಿ. ನಿಮ್ಮದು ಇಲ್ಲಿ ಎಲ್ಲರಿಗಿಂತ ಗಟ್ಟಿ ಕೇಸು. ನೀವು ಕಾರ್ಮಿಕರು ಅನ್ನುವುದರಲ್ಲಿ ಯಾವ ವಕೀಲನೂ ತಕರಾರು ತೆಗೆಯಲು ಆಗಲ್ಲ. ನೋಟಿಸ್ ಬರಬೇಕು, ವರ್ಷಕ್ಕೆ 15 ದಿನದಂತೆ ಪರಿಹಾರ ಬರಬೇಕು, ಆರು ವರ್ಷ ಆಗಿರುವುದರಿಂದ ಗ್ರಾಚ್ಯುಟಿ ಬರಬೇಕು. ಬಾಯಲ್ಲಿ ಹೇಳಿದ್ದಕ್ಕೆ ಮನೆಯಲ್ಲಿ ಕೂರಬೇಡಿ. ನಾಳೆಯೇ ನಾಲ್ಕೈದು ಜನ ಸೇರಿ ಗೇಟಿಗೆ ಹೋಗಿ. ಒಳಗೆ ಬಿಡದಿದ್ದರೆ ಗೇಟಿನ ಮುಂದೆ ನಿಂತು ದಿನಾಂಕ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಇಲ್ಲದಿದ್ದರೆ 'ಅವರಾಗೇ ಬರುವುದನ್ನು ಬಿಟ್ಟರು' ಅಂತ ಬರೆದುಬಿಡುತ್ತಾರೆ. ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಬರೆದುಕೊಡಿ. ಒಬ್ಬರೇ ಬೇಡ, ಗುಂಪಾಗಿ.

ನಿಮಗೆ ಇಎಸ್‌ಐ ಕಾರ್ಡ್ ಇದ್ದೇ ಇರುತ್ತದೆ. ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ. ಕೆಲಸ ಹೋದವರಿಗೆ ಸರಾಸರಿ ಕೂಲಿಯ ಅರ್ಧದಷ್ಟು, 90 ದಿನದವರೆಗೆ. ಜನಕ್ಕೆ ಗೊತ್ತೇ ಇಲ್ಲ. ಈಗಲೂ ಜಾರಿಯಲ್ಲಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿ, ಆಸ್ಪತ್ರೆಯಲ್ಲಿ ಅಲ್ಲ. ಯುವನಿಧಿ ಹೊಸದಾಗಿ ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಅದು ನಿಮಗೆ ಬರಲ್ಲ.

ಜರ್ಸಿ ಸಿಟಿ ಜಗುಲಿ

ಅಮೆರಿಕದಿಂದ ಬರೆಯುತ್ತಿದ್ದೇನೆ. ಹದಿಮೂರು ತಿಂಗಳು ಅಂತ ಬ್ಯಾಂಕ್ ಮಾವ ಹೇಳಿದ್ದು ಓದಿ ಹೊಟ್ಟೆಕಿಚ್ಚಾಯಿತು. ನಮ್ಮದು ಎಚ್1ಬಿ, ಕೆಲಸದ ವೀಸಾ. ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ವೀಸಾ ವರ್ಗ ಬದಲಿಸಿಕೊಳ್ಳಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಹೋದ ವರ್ಷ ನನ್ನದು 41ನೇ ದಿನಕ್ಕೆ ಸಿಕ್ಕಿತು. ಆ 41 ದಿನವೂ ಫ್ರಿಜ್ ಮೇಲೆ ಸಂಖ್ಯೆ ಬರೆದು ಹೊಡೆದು ಹಾಕುತ್ತಿದ್ದೆವು. ಮಗ ಅದನ್ನು ಏನೋ ಆಟ ಅಂದುಕೊಂಡಿದ್ದ.

ಅಲ್ಲಿ ಕಲಿತ ಒಂದೇ ವಿಷಯ ಹೇಳುತ್ತೇನೆ. ನೂರೈವತ್ತು ಕಡೆ ಆನ್‌ಲೈನ್ ಅರ್ಜಿ ಹಾಕಿದೆ, ಎರಡು ಕಾಲ್ ಬಂತು. ಕೆಲಸ ಸಿಕ್ಕಿದ್ದು ಕನ್ನಡ ಕೂಟದ ಯುಗಾದಿ ಊಟದಲ್ಲಿ. ಪಕ್ಕದಲ್ಲಿ ಒಬ್ಬಟ್ಟು ತಿನ್ನುತ್ತಿದ್ದವರು, 'ಏನ್ ಮಾಡ್ಕೊಂಡಿದ್ದೀರಿ?' ಅಂದರು. 'ಸದ್ಯಕ್ಕೆ ಏನೂ ಇಲ್ಲ' ಅಂದೆ. ಅದನ್ನು ಹೇಳಲು ಅರ್ಧ ಗಂಟೆಯಿಂದ ಒಳಗೊಳಗೇ ಒದ್ದಾಡುತ್ತಿದ್ದೆ. ಮುಚ್ಚಿಟ್ಟಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತಿತ್ತು?

ಮಾರಿಕುಪ್ಪಂ ಲೋಕಲ್

ನಮ್ಮ ಊರು ಕೆಜಿಎಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗೆ ಆಗ ಹದಿನಾಲ್ಕು. ಒಂದು ಊರಿಗೆ ಊರೇ ಕೆಲಸ ಕಳೆದುಕೊಂಡರೆ ಹೇಗಿರುತ್ತದೆ ಅಂತ ನೋಡಿದವರು ನಾವು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ, ಬೀದಿಯಲ್ಲಿ ಎಲ್ಲರದ್ದೂ ಒಂದೇ ಕತೆ. ಅದೇ ಒಂದು ಸಮಾಧಾನ ಇತ್ತೋ ಏನೋ. ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವುದು ಆಮೇಲೆ ಊರಿನ ಬದುಕೇ ಆಯಿತು. ಅಪ್ಪ 46ನೇ ವಯಸ್ಸಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. ಭೂಮಿ ಒಳಗೆ ಇಳಿದು ಕೆಲಸ ಮಾಡಿದವರು, ಗಾಜಿನ ಕಟ್ಟಡದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಮೊದಲ ದಿನ ಬಂದು, 'ಬೆಳಕು ಜಾಸ್ತಿ, ಕಣ್ಣು ಉರಿಯುತ್ತೆ' ಅಂದಿದ್ದು ನೆನಪಿದೆ.

ನಿಮ್ಮ ಅಪ್ಪನಿಗೆ ಹೇಳಿ ಅಣ್ಣ. ಅವರಿಗೆ ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ.

ತೆಂಗಿನಗರಿ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲವನ್ನೂ ಓದಿದ್ದೇನೆ, ಕೆಲವನ್ನು ಮೂರು ಮೂರು ಸಲ. ಬ್ಯಾಂಕ್ ಮಾವ, ಆ ಹಾಳೆ ದಿಂಬಿನ ಕೆಳಗಿದೆ. ತಮಾಷೆಗಲ್ಲ.

ಅಕ್ಕ ಹೇಳಿದ ಹಾಗೆ ಮೇಲ್ ಹಾಕಿದೆ. ಐದು ಸಾಲು ಅಷ್ಟೇ. ವರ್ಷಕ್ಕೆ 15 ದಿನದ ಲೆಕ್ಕ ಬರೆದು, ಗ್ರಾಚ್ಯುಟಿ ಬೇರೆ ತೋರಿಸಿ, ಯಾವ ದಿನ ಕೊಡುತ್ತೀರಿ ಅಂತ ಕೇಳಿದೆ. ಮೂರು ದಿನ ಸದ್ದಿಲ್ಲ. ನಾಲ್ಕನೇ ದಿನ ಫೋನ್ ಬಂತು. 'ಮೇಲ್‌ನಲ್ಲೇ ಹೇಳಿ ಮೇಡಂ' ಅಂದೆ. ಗಂಟಲು ಒಣಗಿತ್ತು. ಕೊನೆಗೆ ನಾಲ್ಕೂವರೆ ತಿಂಗಳಿಗೆ ಬಂದರು, ಗ್ರಾಚ್ಯುಟಿ ಬೇರೆ. ಸಹಿ ಹಾಕಿದೆ. ಇನ್ನೂ ಎಳೆಯಬಹುದಿತ್ತೇನೋ, ನನಗೆ ಸಾಕಾಗಿತ್ತು.

ಊರಿಗೂ ಹೋಗಿ ಬಂದೆ. ಬಸ್ಸಲ್ಲಿ ಹೇಗೆ ಹೇಳಬೇಕು ಅಂತ ಮಾತು ಜೋಡಿಸಿಕೊಂಡು ಹೋಗಿದ್ದೆ. ಜಗುಲಿ ಮೇಲೆ ಅಪ್ಪ ಸೌತೆಕಾಯಿ ಹೆಚ್ಚುತ್ತಿದ್ದರು. ಹೇಳಿದೆ. ಚಾಕು ನಿಲ್ಲಲಿಲ್ಲ. ಪೂರ್ತಿ ಹೆಚ್ಚಿ ಮುಗಿಸಿ, ಉಪ್ಪು ಹಾಕಿ, ತಟ್ಟೆ ನನ್ನ ಕಡೆ ತಳ್ಳಿದರು. ಆಮೇಲೆ ಏಣಿ ಹಾಕಿಕೊಂಡು ಅಟ್ಟ ಹತ್ತಿದರು. ಮೇಲಿಂದ ಕಾಯಿ ಅಲ್ಲಾಡಿಸುವ ಸದ್ದು, ಒಂದೊಂದೇ. ಇಳಿದು ಬಂದು, 'ಸಾವಿರದ ಇನ್ನೂರು ಆಗಬಹುದು. ಅರ್ಧ ಒಣಗಿದೆ. ಮಂಡಿಗೆ ಹಾಕೋಣ್ವಾ?' ಅಂದರು. ಬೇಡ ಅಂದೆ. 'ಬೇಡ ಅಂದ್ರೆ ಬಿಡು, ಇರ್ಲಿ' ಅಂದರು. ಅಷ್ಟೇ ಮಾತು. ಅವತ್ತು ರಾತ್ರಿ ಬೆಳಗಿನ ತನಕ ಮಲಗಿದೆ.

ಈಗ ಹೊಸ ಚಿಂತೆ. ಅಪ್ಪನಿಗೆ ಶುಗರ್ ಇದೆ, ಸ್ಟೆಂಟ್ ಹಾಕಿದೆ. ಕಂಪನಿ ಇನ್ಶೂರೆನ್ಸ್‌ನಲ್ಲಿ ಇದ್ದರು. ಇನ್ನು ಹನ್ನೊಂದು ದಿನಕ್ಕೆ ಅದು ಮುಗಿಯುತ್ತದೆ.

ಬೆಣ್ಣೆದೋಸೆ ದಾವಣಗೆರೆ

ಸರ್, ನಾನು ಇನ್ಶೂರೆನ್ಸ್ ಏಜೆಂಟ್. ಮಾರುವುದಕ್ಕೆ ಬಂದಿಲ್ಲ, ನನ್ನ ನಂಬರ್ ಕೇಳಬೇಡಿ. ಆ ಹನ್ನೊಂದು ದಿನವನ್ನು ಕಳೆದುಕೊಳ್ಳಬೇಡಿ. ಕಂಪನಿಯ ಗುಂಪು ಪಾಲಿಸಿ ಯಾವ ವಿಮಾ ಕಂಪನಿಯದೋ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿ. ಇಷ್ಟು ವರ್ಷ ಗುಂಪಿನಲ್ಲಿದ್ದ ಲೆಕ್ಕ ಅದಕ್ಕೆ ಸೇರುತ್ತದೆ. ಹೊಸದಾಗಿ ತೆಗೆದುಕೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಸ್ಟೆಂಟ್ ಇದೆ ಅಂದರೆ ಬೇಡ ಅಂತಲೂ ಹೇಳಬಹುದು. ಪ್ರೀಮಿಯಂ ಜಾಸ್ತಿಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಉಳಿಯಿತು. ಶುಗರ್, ಸ್ಟೆಂಟ್ ಎರಡನ್ನೂ ಫಾರಂನಲ್ಲಿ ಬರೆಯಿರಿ. ಮುಚ್ಚಿಟ್ಟು ಕ್ಲೇಮ್ ಕಳೆದುಕೊಂಡವರನ್ನು ನೋಡಿದ್ದೇನೆ.

ಬಗ್ ಹಿಡಿಯುವವ

ಕೆಲಸದ ವಿಷಯಕ್ಕೆ ಬರೋಣ. ನಾನೂ ಟೆಸ್ಟಿಂಗ್. ಬರೀ ಮ್ಯಾನುವಲ್ ಅಂದರೆ ಇವತ್ತು ಕಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಹನ್ನೊಂದು ವರ್ಷ ಯಾವ ಕ್ಷೇತ್ರದಲ್ಲಿ ಮಾಡಿದಿರಿ? ಬ್ಯಾಂಕಿಂಗಾ, ಇನ್ಶೂರೆನ್ಸಾ, ಆಸ್ಪತ್ರೆಯಾ? ಆ ತಿಳಿವಳಿಕೆಯೇ ನಿಮ್ಮ ಬಂಡವಾಳ. ಪೇಮೆಂಟ್ ಎಲ್ಲಿ ಒಡೆಯುತ್ತದೆ ಅಂತ ಮೊದಲೇ ಊಹಿಸುವುದು ಎಐಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದರ ಮೇಲೆ ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಪ್ಲೇರೈಟ್ ಅಥವಾ ಸೆಲೆನಿಯಂ ಒಂದನ್ನು ಕಲಿಯಿರಿ. ಎರಡೂ ಬಿಟ್ಟಿ. ಲಕ್ಷ ರೂಪಾಯಿಯ ಕೋರ್ಸ್ ಬೇಡ. ನಿಮಗೆ ಗೊತ್ತಿರುವ ಒಂದು ಸೈಟ್ ತೆಗೆದುಕೊಂಡು ಇಪ್ಪತ್ತು ಟೆಸ್ಟ್ ಬರೆದು ಗಿಟ್‌ಹಬ್‌ನಲ್ಲಿ ಹಾಕಿ.

ಮತ್ತೆ, 'ಐವತ್ತು ಸಾವಿರ ಕೊಡಿ, ಬ್ಯಾಕ್‌ಡೋರ್‌ನಲ್ಲಿ ಸೇರಿಸುತ್ತೇವೆ' ಅನ್ನುವವರು ಈಗ ಬಂದೇ ಬರುತ್ತಾರೆ. ನನ್ನ ರೂಮ್‌ಮೇಟ್ ಕೊಟ್ಟ. ದುಡ್ಡೂ ಹೋಯಿತು, ತೆಗೆದುಕೊಂಡವನೂ ಸಿಗಲಿಲ್ಲ. ಕೊಟ್ಟು ಮೋಸ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಆದಷ್ಟೂ ದುಡ್ಡು ಕೈಗೆ ಸಿಗಲ್ಲ. ಸುಳ್ಳು ಅನುಭವ ಪತ್ರವೂ ಬೇಡ. ನಿಮ್ಮ ಪಿಎಫ್ ನಂಬರ್ ಯುಎಎನ್ ನೋಡಿದರೆ ಎಲ್ಲೆಲ್ಲಿ ಎಷ್ಟು ದಿನ ಇದ್ದಿರಿ ಅಂತ ಗೊತ್ತಾಗುತ್ತದೆ.

ಖಡಕ್ ರೊಟ್ಟಿ

ಹುಬ್ಬಳ್ಳಿಯಿಂದ ನಮಸ್ಕಾರ ರೀ. ನೌಕರಿ ಹೋದ ಮೇಲೆ ಮತ್ತೆ ನೌಕರಿಯನ್ನೇ ಹುಡುಕಬೇಕು ಅಂತ ಏನಿಲ್ಲ. ನಮ್ಮ ಮನೆಯವರ ಕೆಲಸ ಕೋವಿಡ್‌ನಲ್ಲಿ ಹೋಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಗಾಡಿ ಮೇಲೆ ಅಂಗಡಿಗೆ ಹಾಕಿ ಬರುತ್ತಿದ್ದರು. ಈಗ ಮಷಿನ್ ಇದೆ, ಆರು ಜನ ಹೆಣ್ಣುಮಕ್ಕಳು ಇದ್ದಾರೆ. ಸಣ್ಣ ಆಹಾರ ಉದ್ದಿಮೆಯವರಿಗೆ ಅಂತ ಇದ್ದ ಪಿಎಂಎಫ್‌ಎಂಇ ಅನ್ನುವ ಸರ್ಕಾರಿ ಯೋಜನೆಯಲ್ಲಿ ಸಾಲ ತೆಗೆದುಕೊಂಡೆವು. ಕೇಂದ್ರದ್ದು ಶೇ. 35 ಸಬ್ಸಿಡಿ, ನಮ್ಮ ರಾಜ್ಯ ಇನ್ನೂ 15 ಸೇರಿಸುತ್ತಿತ್ತು, ಒಟ್ಟು 15 ಲಕ್ಷದ ಮಿತಿ ಇತ್ತು. ಯೋಜನೆ ಈಗಲೂ ಇದ್ದರೆ ತೆಂಗು ಇದ್ದವರು ಎಣ್ಣೆ ಗಾಣಕ್ಕೂ ಕೇಳಬಹುದು. ಆದರೆ ನೋಡ್ರಿ, ಮೊದಲು ಎಂಟು ತಿಂಗಳು ಮಷಿನ್ ಇಲ್ಲದೆ ಕೈಯಲ್ಲೇ ಮಾಡಿ ಮಾರಿದ್ದೇವೆ. ಗಿರಾಕಿ ಇದ್ದಾರೆ ಅಂತ ಗೊತ್ತಾದ ಮೇಲೆ ಸಾಲ. ಸಬ್ಸಿಡಿ ಐತಿ ಅಂತ ಧಂದೆ ಶುರು ಮಾಡಿದವರ ಮಷಿನ್ ನಾನೇ ಅರ್ಧ ರೇಟಿಗೆ ಕೊಂಡಿದ್ದೇನೆ.

ಹೊಲಿಗೆ ಯಂತ್ರ

ಎಚ್‌ಆರ್ ಅಕ್ಕನಿಗೆ: ಹದಿನೇಳು ಜನ ಕಾರ್ಮಿಕ ಭವನಕ್ಕೆ ಹೋಗಿದ್ದೆವು. ಅರ್ಜಿ ತೆಗೆದುಕೊಂಡು ಸೀಲ್ ಹಾಕಿ ಕೊಟ್ಟರು. ಕಂಪನಿಗೆ ನೋಟಿಸ್ ಹೋಗಿದೆ. ದುಡ್ಡು ಇನ್ನೂ ಬಂದಿಲ್ಲ. ಇಎಸ್‌ಐ ಆಫೀಸಿನಲ್ಲಿ ಮೊದಲು 'ಅಂಥದ್ದೇನಿಲ್ಲ' ಅಂದರು, ಫೋನ್‌ನಲ್ಲಿ ನಿಮ್ಮ ಮಾತು ತೋರಿಸಿದೆ, ಆಮೇಲೆ ಒಳಗಿನಿಂದ ಇನ್ನೊಬ್ಬರು ಬಂದು ವಿವರ ಬರೆದುಕೊಂಡರು. ಸದ್ಯಕ್ಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಶ್ರಾವಣ ಬಂದರೆ ಕೈ ತುಂಬಾ ಕೆಲಸ.

ತೆಂಗಿನಗರಿ

ಹತ್ತನೇ ವಾರ. ಪೂರ್ತಿ ಗೆದ್ದ ಸುದ್ದಿ ಏನಿಲ್ಲ. ಎಂಟು ಇಂಟರ್‌ವ್ಯೂ ಆಯಿತು. ಒಂದರಲ್ಲಿ 25 ವರ್ಷದ ಹುಡುಗ, 'ಸರ್, ಇಷ್ಟು ವರ್ಷ ಒಂದೇ ಕಡೆ ಯಾಕೆ ಇದ್ರಿ?' ಅಂದ. 'ಸಂಬಳ ಒಂದನೇ ತಾರೀಖಿಗೆ ಬರ್ತಿತ್ತಪ್ಪ' ಅಂದೆ. ನಕ್ಕ. ಆದರೆ ತೆಗೆದುಕೊಳ್ಳಲಿಲ್ಲ.

ಸಿಕ್ಕಿದ್ದು ಹಳೇ ಸಹೋದ್ಯೋಗಿಯ ಮೂಲಕ. ಒಂದು ವರ್ಷದ ಕಾಂಟ್ರ್ಯಾಕ್ಟ್, ಮೊದಲಿಗಿಂತ ನಾಲ್ಕನೇ ಒಂದು ಭಾಗ ಕಮ್ಮಿ ಸಂಬಳ. ಸೋಮವಾರದಿಂದ ಹೋಗಬೇಕು. ಒಪ್ಪಿಕೊಂಡಿದ್ದೇನೆ. ಅಪ್ಪನ ಪಾಲಿಸಿ ಬದಲಾಯಿತು, ಪ್ರೀಮಿಯಂ ನೋಡಿ ತಲೆ ತಿರುಗಿತು, ಆದರೂ ಕಟ್ಟಿದೆ. ತೋಟಕ್ಕೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೇನೆ. ಕಲ್ಪತರು ಅಣ್ಣ, ನಮ್ಮ ತೋಟಕ್ಕೂ ಕಪ್ಪು ತಲೆ ಹುಳ ಬಂದಿದೆ. ಫೋಟೋ ಕಳಿಸುತ್ತೇನೆ ನೋಡಿ.

ಟೆಸ್ಟ್ ಬರೆದು ಕಲಿಯಲು ಎಸ್‌ಪಿ ರೋಡ್‌ನಲ್ಲಿ ಹಳೇ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೆ, 17,000ಕ್ಕೆ. ಮಗಳು ನೋಡಿ, 'ಇದು ಆಫೀಸಿಂದಾ, ನಮ್ದಾ?' ಅಂತ ಕೇಳಿದಳು. ನಮ್ಮದು ಅಂದೆ. ಈಗ ಅದರ ಮೇಲೆ ಕೀಬೋರ್ಡ್ ಬಿಟ್ಟು ಎಲ್ಲಾ ಕಡೆ ಸ್ಟಿಕ್ಕರ್ ಇದೆ.

ಹೊಸಬ 2

ನಮಸ್ಕಾರ. ಇವತ್ತು ಬೆಳಗ್ಗೆ ನನಗೂ ಹದಿನೈದು ನಿಮಿಷದ ಕಾಲ್ ಬಂತು. ಏನು ಹುಡುಕಬೇಕು ಅಂತ ಗೊತ್ತಾಗದೆ 'ಕೆಲಸ ಹೋಯಿತು' ಅಂತ ಬರೆದೆ, ಇದು ಸಿಕ್ಕಿತು. ಸಂಜೆ ಆರರೊಳಗೆ ಸಹಿ ಹಾಕಿ ಅಂದಿದ್ದಾರೆ. ಹಾಕಲಾ?

ತೆಂಗಿನಗರಿ

ಇನ್ನೂ ಹಾಕಬೇಡಿ. 'ಓದಿ ನೋಡಲು ಟೈಮ್ ಬೇಕು' ಅಂತ ಮೇಲ್ ಹಾಕಿ. ಲಾಗಿನ್ ಇನ್ನೂ ಇದೆಯಾ? ಇದ್ದರೆ ಮೊದಲು ನಿಮ್ಮ ಪೇ ಸ್ಲಿಪ್, ಫಾರಂ 16, ಆಫರ್ ಲೆಟರ್ ಎಲ್ಲಾ ಇಳಿಸಿಕೊಳ್ಳಿ. ಆಮೇಲೆ ಬೇಸಿಕ್ ಎಷ್ಟು, ಎಷ್ಟು ವರ್ಷ ಆಯಿತು ಅಂತ ಇಲ್ಲಿ ಬರೆಯಿರಿ. ಊಟ ಆಯ್ತಾ?